ಕಠಾರಿಗೆ ಚುಚ್ಚಿದ ನಿಂಬೆಹಣ್ಣು

ನನ್ನ ಕೈಗೊಂದು ರೋಗವಿದೆ. ಕಪ್ಪಾದದ್ದು ಏನು ಕಂಡರೂ ಅದು ಹುಣಸೆಹಣ್ಣು ಹುಡುಕುತ್ತದೆ. ನೀವು ನಮ್ಮ ಮನೆಗೆ ಬಂದು ಕಾಫಿ ಕುಡಿದವರಾದರೆ ಇದನ್ನು ನಾನು ಹೇಳಬೇಕಾಗಿಲ್ಲ. ನಿಮ್ಮ ಲೋಟದಲ್ಲಿ ಇನ್ನೊಂದು ಗುಟುಕು ಇರುವಾಗಲೇ ನಾನು ಅದರ ತಳ ನೋಡುತ್ತಿರುತ್ತೇನೆ.

ಇವತ್ತು ಬೆಳಗ್ಗೆ ಮೊಮ್ಮಗಳು ಕಾವ್ಯ ಚಿತ್ರಾನ್ನಕ್ಕೆಂದು ನಿಂಬೆಹಣ್ಣು ಹೆಚ್ಚಿದಳು. ಶಾಲೆಗೆ ರಜ, ಹುಡುಗಿಗೆ ಅಡುಗೆ ಕಲಿಯುವ ಹುಚ್ಚು. ಹೆಚ್ಚಿದವಳು ಈಳಿಗೆಮಣೆಯನ್ನು ತೊಳೆಯದೆ ಬಿಟ್ಟು ಟಿವಿ ಮುಂದೆ ಕುಳಿತಳು. ಹಳೆಯ ಕಬ್ಬಿಣದ ಈಳಿಗೆ. ನಾನು ಹೋಗಿ ನೋಡುವಷ್ಟರಲ್ಲಿ ಅಲಗಿನ ಮೇಲೆ ಮೋಡ ಕವಿದ ಹಾಗೆ ಕಪ್ಪು ಹತ್ತಿತ್ತು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಬಂದು ಬೆರಳಿನಿಂದ ತಿಕ್ಕಿ ನೋಡಿ, "ಅಜ್ಜಿ, ಇದು ಹೋಗಲ್ವಾ?" ಎಂದಳು.

"ಕೆಲವು ಹೋಗಲ್ಲ. ಬಿಡು" ಎಂದೆ.

ಅಡುಗೆಮನೆಯಿಂದ ಗಿರಿಜ ತಲೆ ಹೊರಹಾಕಿ ನನ್ನನ್ನು ನೋಡಿದಳು. ನನಗೆ ಜ್ವರ ಬಂದಿದೆಯೋ ಏನೋ ಅನ್ನುವ ನೋಟ.

ಗಿರಿಜ ನನ್ನ ಸೊಸೆ. ಕಾವ್ಯ ಅವಳ ಮಗಳು. ಆದರೆ ಕಾವ್ಯಳ ಅಪ್ಪ ನನ್ನ ಮಗನಲ್ಲ. ಗಾಬರಿಯಾಗಬೇಡಿ, ಹೇಳುತ್ತೇನೆ. ಈ ಕತೆಯಲ್ಲಿ ಒಂದು ಕಠಾರಿ ಇದೆ, ಆದರೆ ಅದು ನಿಂಬೆಹಣ್ಣನ್ನು ಬಿಟ್ಟು ಯಾರಿಗೂ ಚುಚ್ಚುವುದಿಲ್ಲ.

ಮೊದಲು ನನ್ನ ಕೈಯ ರೋಗದ ಮಾತು ಮುಗಿಸುತ್ತೇನೆ. ಅದು ಭದ್ರಾವತಿಯ ಕೊಡುಗೆ. ಮದುವೆಯಾಗಿ ನಾನು ಆ ಊರಿಗೆ ಬಂದಾಗ ನನ್ನ ಗಂಡ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಬೆಳಗ್ಗೆ ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಬೇರೆ ಬಣ್ಣವಾಗುತ್ತಿತ್ತು. ಕಿಟಕಿಯ ಮೇಲೆ ಧೂಳು, ನೀರಿನ ಹಂಡೆಯ ಮೇಲೆ ಧೂಳು, ಗಂಡನ ಕಿವಿಯ ಹಿಂದೆ ಧೂಳು. ಪಕ್ಕದ ಮನೆಯ ತಮಿಳು ಹೆಂಗಸು ಬಂದ ಹೊಸದರಲ್ಲಿ ಅಳುತ್ತಿದ್ದಳು, ಆಮೇಲೆ ರೂಢಿಯಾಯಿತು ಎಂದು ಸುಮ್ಮನಾದಳು. ನಾನು ಅಳಲೂ ಇಲ್ಲ, ಸುಮ್ಮನಾಗಲೂ ಇಲ್ಲ. ಉಜ್ಜಲು ಶುರು ಮಾಡಿದೆ. ಹುಣಸೆಹಣ್ಣು, ಒಲೆಯ ಬೂದಿ, ಇಟ್ಟಿಗೆ ಪುಡಿ, ತೆಂಗಿನ ನಾರು. ಇಷ್ಟಿದ್ದರೆ ನನಗೆ ದೇವರೂ ಬೇಡ.

ನನ್ನ ಮದುವೆಗೆ ನೆಂಟರು ಕೊಟ್ಟ ಹಿತ್ತಾಳೆ ಪಾತ್ರೆಗಳ ಮೇಲೆ ಅವರವರ ಹೆಸರು ಕೆತ್ತಿಸಿದ್ದರು. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಆ ಗೀರುಗಳಲ್ಲಿ ಕೊಳೆ ಕೂರುತ್ತದೆ ಎಂದಷ್ಟೇ ಗೊತ್ತಿತ್ತು. ಅಲ್ಲಿ ಇನ್ನಷ್ಟು ಒತ್ತಿ ಉಜ್ಜುತ್ತಿದ್ದೆ. ತಲೆ ಹಣ್ಣಾದ ಮೇಲೆ ಸಂಜೆ ತರಗತಿಗೆ ಹೋಗಿ ಅಕ್ಷರ ಕಲಿತು, ಮನೆಗೆ ಬಂದು ಓದೋಣವೆಂದು ಚೊಂಬು ತಿರುಗಿಸಿದರೆ, ಕನ್ನಡಿಯ ಹಾಗೆ ನನ್ನ ಮುಖವೇ ಕಂಡಿತು. ಈಗಲೂ ಕೆಲವು ನೆಂಟರು ಬಂದಾಗ ನೀರು ಕುಡಿದ ಚೊಂಬನ್ನು ಸುಮ್ಮನೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಏನು ಹುಡುಕುತ್ತಿದ್ದಾರೆ ಎಂದು ಗೊತ್ತು. ನಾನು ಬೇರೆ ಕಡೆ ನೋಡುತ್ತೇನೆ.

ಇಂಥ ನನ್ನ ಕೈಗೆ ಸಿಗದೆ ಉಳಿದ ವಸ್ತು ಇಡೀ ಮನೆಯಲ್ಲಿ ಒಂದೇ. ಅದು ಕಠಾರಿ.

ಮೊಳಕ್ಕಿಂತ ಗಿಡ್ಡ. ಎರಡು ಕಡೆ ಬಾಯಿ, ನಡುವೆ ಒಂದು ಏರು, ಕಂಚಿನ ಹಿಡಿ. ಗಂಡನ ಹಿರಿಯರು ಯಾವುದೋ ಪಾಳೆಯಗಾರನ ಬಳಿ ಪಹರೆಯಲ್ಲಿದ್ದರು, ಇದನ್ನು ಹಿಡಿದು ಯುದ್ಧ ಮಾಡಿದ್ದರು ಎಂದು ಅತ್ತೆ ಹೇಳುತ್ತಿದ್ದರು. ಪಹರೆಯಲ್ಲಿದ್ದವರು ಯುದ್ಧಕ್ಕೆ ಯಾಕೆ ಹೋದರು ಎಂದು ನಾನು ಕೇಳಿದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು. ನನ್ನ ಗಂಡ ಮಾತ್ರ, ಇದರಲ್ಲಿ ಎಳನೀರು ಕೆತ್ತಿರಬೇಕು, ಅಷ್ಟೇ ಎನ್ನುತ್ತಿದ್ದರು.

ನಮ್ಮಲ್ಲಿ ಮದುಮಗನ ಕೈಯಲ್ಲಿ ಕಠಾರಿ ಇರಬೇಕು. ಅರಿಶಿನ ಹಚ್ಚಿದಾಗಿನಿಂದ ಬಾಸಿಂಗ ಬಿಚ್ಚುವವರೆಗೆ ಅದನ್ನು ಕೆಳಗಿಡುವ ಹಾಗಿಲ್ಲ. ತುದಿಗೆ ಒಂದು ನಿಂಬೆಹಣ್ಣು ಚುಚ್ಚಿರುತ್ತಾರೆ. ದೃಷ್ಟಿ ತಾಗದಿರಲಿ ಎಂದು ಹಿರಿಯರು ಹೇಳುತ್ತಾರೆ. ನನ್ನನ್ನು ಕೇಳಿದರೆ, ನಿದ್ದೆಗೆಟ್ಟ ಹುಡುಗ ಯಾರ ಕಣ್ಣಿಗಾದರೂ ತಿವಿಯದಿರಲಿ ಎಂದು. ಅದೇನೇ ಇರಲಿ, ನಿಂಬೆಯ ಹುಳಿ ಅಷ್ಟು ಹೊತ್ತು ಕಬ್ಬಿಣದ ಮೇಲೆ ಕುಳಿತರೆ ಸುಮ್ಮನಿರುವುದಿಲ್ಲ. ಹಣ್ಣು ತೆಗೆದಾಗ ಅಲ್ಲಿ ಒಂದು ಕಪ್ಪು ಕಲೆ ಉಳಿಯುತ್ತದೆ. ಅದನ್ನು ಉಜ್ಜುವ ಹಾಗಿಲ್ಲ. ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಒರೆಗೆ ಹಾಕಿ ಟ್ರಂಕಿನಲ್ಲಿಡಬೇಕು. ಇದು ಮನೆಯ ಪದ್ಧತಿ. ಒಬ್ಬರು ದಪ್ಪ ಹಣ್ಣು ಚುಚ್ಚುತ್ತಾರೆ, ಒಬ್ಬರು ಸಣ್ಣದು. ಒಬ್ಬರು ಆಳಕ್ಕೆ, ಒಬ್ಬರು ತುದಿಗೆ. ಹಾಗಾಗಿ ಕಲೆಯ ಮೇಲೆ ಕಲೆ, ಅಂಚಿನ ಪಕ್ಕ ಅಂಚು. ಎಲ್ಲರಿಗಿಂತ ಮೇಲಿನ ಅಂಚು ನನ್ನ ಗಂಡನದು. ಕಾರ್ಖಾನೆಯ ಕೈ, ಹಣ್ಣನ್ನು ಅಡಿಯ ತನಕ ದೂಡಿಬಿಟ್ಟಿದ್ದರು.

ನನ್ನ ಮಗ ಮಂಜ ಅದೇ ಕಠಾರಿ ಹಿಡಿದು ಗಿರಿಜಳನ್ನು ಮದುವೆಯಾದ. ಒಂದು ಮಳೆಗಾಲ ಕಳೆದು ಇನ್ನೊಂದು ಬರುವಷ್ಟರಲ್ಲಿ ಕಾಮಾಲೆಯಾಗಿ ಹೋದ. ಮೂವತ್ತೂ ತುಂಬಿರಲಿಲ್ಲ. ಗಂಡ ಅವನಿಗಿಂತ ಮೊದಲೇ ಹೋಗಿದ್ದರು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದರೆ ಅವನೇನು ಬರುವುದಿಲ್ಲ.

ಮನೆಯಲ್ಲಿ ನಾನು, ಗಿರಿಜ ಇಬ್ಬರೇ ಉಳಿದೆವು. ಅವಳ ತವರಲ್ಲಿ ಕರೆಯುವವರು ಯಾರೂ ಇರಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ, ಮತ್ತೆ ಮಡಚಿಡುವ ಕೆಲಸಕ್ಕೆ ಸೇರಿದಳು. ದಿನಾ ಬೆಳಗ್ಗೆ ಭದ್ರಾವತಿಯಿಂದ ಬಸ್ಸು, ಸಂಜೆ ವಾಪಸ್ಸು. ಕೊಳ್ಳುವವರಿಗೆಲ್ಲ ಬಣ್ಣಬಣ್ಣದ ಸೀರೆ ಭುಜಕ್ಕೆ ಹಾಕಿಕೊಂಡು ತೋರಿಸಿ, ಮನೆಗೆ ಬರುವಾಗ ಮಾಸಿದ್ದನ್ನು ಉಟ್ಟು ಬರುತ್ತಿದ್ದಳು. ನಾಲ್ಕು ವರ್ಷ ಅದನ್ನು ನೋಡಿದೆ.

ಒಂದು ದಿನ ನನಗೂ ಶಿವಮೊಗ್ಗದಲ್ಲಿ ಕೆಲಸವಿತ್ತು, ಅವಳ ಜೊತೆ ಬಸ್ಸು ಹತ್ತಿದೆ. ಕಂಡಕ್ಟರ್ ಒಬ್ಬ ಉದ್ದನೆಯ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ. ಎಲ್ಲರನ್ನೂ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಎಂದು ದಬ್ಬುತ್ತಿದ್ದ. ಅಲ್ಲಿ ಇರುವೆಗೂ ಜಾಗವಿರಲಿಲ್ಲ. ಆದರೆ ಗಿರಿಜಳಿಗೆ ಮಾತ್ರ ಒಳಗೆ ಹೋಗು ಎನ್ನಲಿಲ್ಲ. ಬಾಗಿಲ ಹತ್ತಿರದ ಸೀಟಿನ ಮೇಲೆ ತನ್ನ ಚೀಲ ಇಟ್ಟಿದ್ದ, ಅವಳು ಬಂದಾಗ ತೆಗೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಟಿಕೆಟ್ ಕೇಳಲು ನನ್ನ ಬಳಿ ಬಂದಾಗ ಕೇಳಿಯೇಬಿಟ್ಟೆ.

"ನಿನಗೆ ಮದುವೆ ಆಗಿದೆಯೇನಪ್ಪ?"

"ಇಲ್ಲಮ್ಮ."

"ಯಾಕೆ ಆಗಿಲ್ಲ?"

"ಮೊದ್ಲು ಟಿಕೆಟ್ ತಗೊಳ್ಳಿ."

ಬಸ್ಸಿನಲ್ಲಿದ್ದವರು ನಕ್ಕರು. ಗಿರಿಜ ಕಿಟಕಿಯ ಹೊರಗೆ ನೋಡುತ್ತಿದ್ದಳು, ಕತ್ತಿನ ತನಕ ಕೆಂಪು. ನಾನು ಅವಳ ಅತ್ತೆ ಎಂದು ಗೊತ್ತಾದ ಮೇಲೆ ಆ ಹುಡುಗ, ಚಂದ್ರು ಅವನ ಹೆಸರು, ನಮ್ಮ ಸ್ಟಾಪ್ ಬರುವ ಮೊದಲೇ ವಿಷಲ್ ಊದಿ ನನ್ನನ್ನು ಇಳಿಸಿದ.

ಮನೆಗೆ ಬಂದು ಗಿರಿಜ ನನ್ನ ಮೇಲೆ ಕೂಗಾಡಿದಳು. ಅಷ್ಟು ವರ್ಷದಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಒಳ್ಳೆಯದಾಯಿತು ಎಂದುಕೊಂಡೆ. ಕೂಗಾಡಿ ಮುಗಿದ ಮೇಲೆ, ನಾನು ಹೋದರೆ ನಿಮಗೆ ಯಾರಿದ್ದಾರೆ ಎಂದಳು. ನನಗೆ ಕೈಕಾಲಿದೆ ಎಂದೆ. ಮಂಜ ಸತ್ತ, ನೀನು ಸತ್ತಿಲ್ಲ, ಇಬ್ಬರೂ ಒಂದೇ ಎಂದು ನಾನು ಲೆಕ್ಕ ಹಾಕಲಾರೆ ಎಂದೂ ಹೇಳಿದೆ. ಅವಳು ಎದ್ದು ಹೋಗಿ ಅನ್ನಕ್ಕೆ ಇಟ್ಟಳು. ನಮ್ಮ ಮನೆಯಲ್ಲಿ ಒಪ್ಪಿಗೆ ಅಂದರೆ ಅದೇ.

ಚಂದ್ರುವಿಗೆ ತಂದೆ ತಾಯಿ ಇರಲಿಲ್ಲ. ಕುಂಸಿಯಲ್ಲಿದ್ದ ಅಕ್ಕ ನಿಂಗಮ್ಮನೇ ಅವನನ್ನು ಸಾಕಿದವಳು. ಮಾತುಕತೆಗೆ ಅವಳು ಭದ್ರಾವತಿಗೆ ಬಂದಳು. ವೀಳ್ಯದೆಲೆಯನ್ನು ನನ್ನ ಹಾಗೆಯೇ ತೊಡೆಗೆ ಒರೆಸಿ ಹಾಕಿಕೊಳ್ಳುವ ಹೆಂಗಸು. ಜಗಳಕ್ಕೆ ಸರಿಜೋಡಿ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಹೆಣ್ಣಿನ ಬಗ್ಗೆ ಅವಳದ್ದು ತಕರಾರಿರಲಿಲ್ಲ. ತಕರಾರು ಮದುವೆ ಹೇಗೆ ಎಂಬುದರಲ್ಲಿ. ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದು ಹೊಸದಲ್ಲ. ಅದಕ್ಕೆ ಉಡಿಕೆ ಎನ್ನುತ್ತಾರೆ. ಕತ್ತಲಾದ ಮೇಲೆ, ದೀಪ ಸಣ್ಣದು ಮಾಡಿ, ಒಂದು ಸೀರೆ ಉಡಿಸಿ ತಾಳಿ ಕಟ್ಟಿಸಿ ಕಳಿಸಿಬಿಡುವುದು. ಬಾಸಿಂಗವಿಲ್ಲ, ವಾಲಗವಿಲ್ಲ, ಗಂಡಿನ ಕೈಯಲ್ಲಿ ಕಠಾರಿಯಿಲ್ಲ. ಮುತ್ತೈದೆಯರು ಆ ಹೊತ್ತಿನಲ್ಲಿ ಎದುರಿಗೆ ಬರುವುದಿಲ್ಲ. ಕದ್ದ ಮಾಲು ಸಾಗಿಸುವ ಹಾಗೆ. ಇನ್ನೊಂದು ಶಾಸ್ತ್ರವಿದೆ. ಗಂಡಿಗೆ ಅದು ಮೊದಲನೇ ಮದುವೆಯಾದರೆ, ಅವನಿಗೆ ಮೊದಲು ಎಕ್ಕದ ಗಿಡದ ಜೊತೆ ಮದುವೆ ಮಾಡಬೇಕು. ಗಿಡಕ್ಕೆ ತಾಳಿ ಕಟ್ಟಿ, ಮೊದಲನೇ ಮದುವೆಯ ಲೆಕ್ಕ ತೀರಿಸಿ, ಆಮೇಲೆ ಉಡಿಕೆ.

ನಿಂಗಮ್ಮ ಇಷ್ಟನ್ನೂ ಯೋಚಿಸಿಕೊಂಡೇ ಬಂದಿದ್ದಳು. ಅವರ ಮನೆತನದ ಕಠಾರಿ ಚಿಕ್ಕಪ್ಪನ ಬಳಿ ಇತ್ತಂತೆ. ಉಡಿಕೆಗೆ ಕೊಡುವುದಿಲ್ಲ, ಬೇಕಾದರೆ ಗಿಡದ ಮದುವೆಗೆ ಕೊಡುತ್ತೇನೆ ಎಂದಿದ್ದನಂತೆ. ಬೆಳಗ್ಗೆ ಬಾಸಿಂಗ ಕಟ್ಟಿಕೊಂಡು, ಕಠಾರಿ ಹಿಡಿದು, ವಾಲಗದ ಜೊತೆ ಗಿಡದ ಮದುವೆ. ರಾತ್ರಿ ಗಿರಿಜಳನ್ನು ಕಳಿಸಿಕೊಡಿ ಎಂದಳು.

"ಗಿಡಕ್ಕೆ ಕಟಾರಿ ಹಿಡ್ಕೊಂಡು ಬರ್ತಾನೆ, ನಮ್ಮ ಹುಡುಗಿ ಹತ್ರ ಬರಿಗೈಯಲ್ಲಿ ಬರ್ತಾನಾ?" ಎಂದೆ.

ಅದು ಶಾಸ್ತ್ರ ಎಂದಳು. ನಮ್ಮ ಮನೆಯಲ್ಲಿ ಕಠಾರಿ ಇದೆ, ಅದನ್ನು ಕೊಡುತ್ತೇನೆ, ಬೆಳಕಿನಲ್ಲಿ ಮದುವೆಯಾಗಲಿ, ಗಿಡ ಅದರ ಪಾಡಿಗೆ ಅದು ಇರಲಿ ಎಂದೆ. ನಿಂಗಮ್ಮ ಎಲೆ ಜಗಿಯುವುದನ್ನು ನಿಲ್ಲಿಸಿದಳು.

"ನಿಮ್ಮ ಮಗ ಹಿಡಿದದ್ದಲ್ವಾ ಅದು?"

"ಹೌದು."

"ಸತ್ತೋನ ಕಲೆ ಇರೋದನ್ನ ನನ್ ತಮ್ಮನ ಕೈಗೆ ಕೊಡ್ತೀರಾ?"

ಆಮೇಲೆ ತಾನೇ ಒಂದು ದಾರಿ ಹೇಳಿದಳು. ಅದನ್ನು ಬೆಳ್ಳಗೆ ಉಜ್ಜಿ ಕೊಡಿ, ಒಂದು ಚುಕ್ಕೆ ಕಪ್ಪು ಇರಬಾರದು, ಹೊಸದರ ಹಾಗೆ ಇದ್ದರೆ ಹಗಲಿನ ಮದುವೆಗೆ ನಾನು ಒಪ್ಪುತ್ತೇನೆ ಎಂದಳು.

ಉಜ್ಜುವುದು. ನನ್ನ ಹತ್ತಿರ ಬಂದು ಇದನ್ನು ಕೇಳುತ್ತಿದ್ದಾಳೆ. ನಾನು ಒಳಗೊಳಗೇ ನಕ್ಕೆ. ಮರುದಿನವೇ ಟ್ರಂಕು ತೆಗೆದು ಕಠಾರಿಯನ್ನು ಹಿತ್ತಲ ಕಲ್ಲಿನ ಮೇಲಿಟ್ಟೆ. ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣು ನೆನೆಹಾಕಿದೆ, ಇಟ್ಟಿಗೆ ಪುಡಿ ಜರಡಿ ಹಿಡಿದೆ. ಅಷ್ಟು ವರ್ಷ ನನ್ನ ಕೈ ಇದಕ್ಕೇ ಕಾದಿತ್ತೇನೋ ಎಂಬಷ್ಟು ಉತ್ಸಾಹ.

ಆಗ ಗಿರಿಜ ಕೆಲಸದಿಂದ ಬಂದಳು. ಹುಣಸೆಹಣ್ಣು ನೋಡಿದಳು, ಕಠಾರಿ ನೋಡಿದಳು. ಚಪ್ಪಲಿ ಬಿಟ್ಟು ಬಂದು ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಅಲಗಿನ ನಡುವೆ, ತುದಿಯಿಂದ ಹಿಡಿಯ ಕಡೆಗೆ, ಸಣ್ಣ ಹರಿವಿನ ಹಾಗೆ ಒಂದು ಕಪ್ಪು ಗೆರೆ ಇಳಿದಿತ್ತು. ಅದರ ಮೇಲೆ ಬೆರಳಿಟ್ಟಳು. ಅದು ಮಂಜನದೇ. ನನಗೂ ಗೊತ್ತಿತ್ತು. ಆರತಿಯ ಹೊತ್ತಿಗೆ ತೂಕಡಿಸಿ ಕಠಾರಿಯನ್ನು ಕಂಬಕ್ಕೆ ಗುದ್ದಿದ್ದ. ಹಣ್ಣು ಒಡೆದು ರಸವೆಲ್ಲ ಅಲಗಿನ ಮೇಲೆ ಹರಿದು ಅವನ ಅಂಗಿಯ ತೋಳಿನೊಳಗೆ ಹೋಗಿತ್ತು. ಅರಿಶಿನ ಹಚ್ಚಿದ ತುರಿಕೆಗೆ ಕೈ ಕೆರೆದುಕೊಂಡಿದ್ದವನು ಉರಿ ತಾಳಲಾರದೆ ಕುಣಿದಿದ್ದ. ಪಕ್ಕದಲ್ಲಿ ಕುಳಿತಿದ್ದ ಮದುಮಗಳು ಬಾಸಿಂಗದ ಹಿಂದೆ ಮುಖ ಮುಚ್ಚಿ ನಕ್ಕಿದ್ದಳು.

"ಮಂಜ ಆ ಗೆರೇಲಿ ಕೂತಿಲ್ಲ ಕಣೇ" ಎಂದೆ.

"ಗೊತ್ತು ಅತ್ತೆ. ಅವರಿಲ್ಲ ಅನ್ನೋದಕ್ಕೆ ಮನೇಲಿ ಎಲ್ಲಾ ಇದೆ. ಇದ್ರು ಅನ್ನೋದಕ್ಕೆ ಇದೊಂದೇ."

ನಾನು ನಾರು ಕೈಯಲ್ಲೇ ಹಿಡಿದುಕೊಂಡಿದ್ದೆ. ಅವಳು ಮುಂದುವರಿಸಿ, ಉಜ್ಜಿದರೇನೇ ಮದುವೆ ಎನ್ನುವುದಾದರೆ ಉಜ್ಜಿ, ನಾನು ಬೇಡ ಎನ್ನುವುದಿಲ್ಲ, ಆದರೆ ಆಮೇಲೆ ಅದು ಅಂಗಡಿಯ ಚಾಕು, ಅದಕ್ಕೆ ನಮ್ಮ ಮನೆಯದು ಎನ್ನಬೇಡಿ ಎಂದಳು. ಮತ್ತೆ, ಬೇಕಾದರೆ ಕತ್ತಲಲ್ಲೇ ಹೋಗುತ್ತೇನೆ, ನನಗೇನು ದೀಪದ ಆಸೆಯಿಲ್ಲ ಎಂದು ಒಳಗೆ ಹೋದಳು. ಆಸೆಯಿಲ್ಲದಿದ್ದರೆ ಕಣ್ಣು ಯಾಕೆ ಒರೆಸಿಕೊಳ್ಳಬೇಕು?

ನನ್ನ ಪಾತ್ರೆಗಳ ನೆನಪಾಯಿತು. ಹುಣಸೆಹಣ್ಣಿನ ಬಟ್ಟಲನ್ನು ಮುಚ್ಚಿಟ್ಟೆ. ರಾತ್ರಿ ಸಾರಿಗೆ ಆಯಿತು.

ಆದರೂ ಬುದ್ಧಿ ಪೂರ್ತಿ ಬಿಡಲಿಲ್ಲ. ಎಲ್ಲ ಕಪ್ಪು ತೆಗೆದು ಆ ಗೆರೆಯೊಂದನ್ನು ಉಳಿಸಬಹುದೇ ಎಂದು ಯೋಚಿಸಿದೆ. ಗಾಂಧಿ ಬಜಾರಿನ ಹಿಂದಿನ ಸಂದಿಯಲ್ಲಿ ರಹಮತ್ ಸಾಹೇಬರು ಎಂದು ಒಬ್ಬರಿದ್ದರು. ಹಳೆಯ ಬೀಗ, ಗಂಟೆ, ಕತ್ತಿ, ಗುರಾಣಿ ಕೊಂಡು ಮಾರುವವರು. ಕಠಾರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಅಂಗಡಿಗೆ ಹೋದೆ. ಸಾಹೇಬರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಕೊನೆಗೆ ಮೂಸಿಯೂ ನೋಡಿದರು.

ಉಜ್ಜಬೇಕೋ ಬಿಡಬೇಕೋ ಎಂದು ಕೇಳಿದೆ. ಅದು ಯಾರಿಗೆ ಮಾರುತ್ತೀರಿ ಅನ್ನುವುದರ ಮೇಲೆ ಎಂದರು. ಗೋಡೆಗೆ ತೂಗುಹಾಕುವ ಹೋಟೆಲಿನವರಿಗೆ ಫಳಫಳ ಬೇಕಂತೆ. ಕೂಡಿಡುವ ಶೋಕಿಯವರಿಗೆ ಕಪ್ಪು ಬೇಕಂತೆ, ಉಜ್ಜಿದ್ದು ಗೊತ್ತಾದರೆ ಮುಟ್ಟುವುದೂ ಇಲ್ಲವಂತೆ. ಮಾರುವುದಕ್ಕಲ್ಲ, ಮದುವೆಗೆ ಎಂದೆ. ಸಾಹೇಬರು ನಕ್ಕರು.

"ಏನಮ್ಮ, ಜನ ಹೊಸಾ ಕತ್ತಿ ತಂದು ಗೊಬ್ಬರದ ಗುಂಡೀಲಿ ಹೂತು ಹಳೇದು ಮಾಡ್ತಾರೆ. ನೀವು ಅಸಲಿ ಹಳೇ ಮಾಲು ತಂದು ಹೊಸದು ಮಾಡು ಅಂತೀರಲ್ಲ."

ಆಮೇಲೆ ಉಗುರಿನಿಂದ ತೋರಿಸಿದರು. ಹಿಡಿಯ ಬುಡದಲ್ಲಿ ಕೆಂಪಗೆ, ಪುಡಿಪುಡಿಯಾಗಿ ತುಕ್ಕು ಹಿಡಿದಿತ್ತು. ಒರೆಯೊಳಗೆ ತೇವ ನಿಂತದ್ದು. ನಾನು ಅದನ್ನು ನೋಡಿಯೇ ಇರಲಿಲ್ಲ. ಕೆಂಪು ಕಬ್ಬಿಣವನ್ನು ತಿನ್ನುತ್ತದೆ, ಅದನ್ನು ತೆಗೆಯಲೇಬೇಕು. ಕಪ್ಪು ತಿನ್ನುವುದಿಲ್ಲ, ಚರ್ಮದ ಹಾಗೆ ಅಂಟಿಕೊಂಡು ಕಾಯುತ್ತದೆ ಎಂದರು. ಕಬ್ಬಿಣಕ್ಕೆ ಯಾವಾಗಲೂ ಮಣ್ಣಿಗೆ ವಾಪಸ್ ಹೋಗುವ ಆಸೆ ಎಂದು ನನ್ನ ಗಂಡ ಹೇಳುತ್ತಿದ್ದದ್ದು ನೆನಪಾಯಿತು. ಗೆರೆಯೊಂದನ್ನು ಉಳಿಸಿ ಉಳಿದದ್ದನ್ನು ಉಜ್ಜಬಹುದೇ ಎಂದರೆ, ಅರ್ಧ ತಲೆ ಬೋಳಿಸಿದ ಹಾಗಿರುತ್ತದೆ ಎಂದರು. ಮಾರುವ ಮನಸ್ಸಾದರೆ ಮೊದಲು ತಮಗೇ ಹೇಳಬೇಕೆಂದು ಚಹಾ ತರಿಸಿಕೊಟ್ಟರು. ಚಹಾ ಚೆನ್ನಾಗಿತ್ತು, ಲೋಟ ಕೊಳಕಾಗಿತ್ತು.

ಮನೆಗೆ ಬಂದು ಹಳೇ ಪಂಚೆಯ ಚೂರಿಗೆ ಸೀಮೆಎಣ್ಣೆ ಅದ್ದಿ, ಬೂದಿ ಮುಟ್ಟಿಸಿ, ಬುಡದ ಕೆಂಪನ್ನಷ್ಟೇ ಮೆಲ್ಲಗೆ ತೆಗೆಯಲು ಕುಳಿತೆ. ಮೆಲ್ಲಗೆ ಉಜ್ಜುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಕೈ ಮುಂದೆ ಮುಂದೆ ಓಡುತ್ತದೆ, ಎಳೆದು ತರಬೇಕು. ಕೆಂಪು ಹೋಗಿ ಬುಡದಲ್ಲಿ ಬೆಳ್ಳನೆಯ ಕಬ್ಬಿಣ ಕಂಡಿತು, ಕುರು ಮಾಯ್ದ ಮೇಲಿನ ಹೊಸ ಚರ್ಮದ ಹಾಗೆ. ಅಲ್ಲಿಗೆ ನಿಲ್ಲಿಸಿದೆ. ನನ್ನ ಜನ್ಮದಲ್ಲಿ ಉಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿದ್ದು ಅದೊಂದೇ ಸಲ.

ಆ ಹೊತ್ತಿಗೆ ಚಂದ್ರು ಬಂದ. ಅಕ್ಕನ ಹಟದ ಸುದ್ದಿ ಅವನಿಗೆ ಮುಟ್ಟಿತ್ತು. ಖಾಕಿಯಲ್ಲೇ ಇದ್ದ, ಬಸ್ಸು ಬಿಟ್ಟು ನೇರ ಬಂದಿದ್ದ. ಕಠಾರಿಯನ್ನು ಅವನ ಕೈಗೆ ಕೊಟ್ಟೆ. ಇದು ನನ್ನ ಗಂಡನದು, ಇದು ಮೈದುನನದು, ಇದು ಯಾರದೋ ಗೊತ್ತಿಲ್ಲ, ಈ ಗೆರೆ ಮಂಜನದು ಎಂದೆ. ಮುಚ್ಚಿಟ್ಟು ಕೊಡುವುದು ನನ್ನಿಂದಾಗದು. ಬೇಡವೆನಿಸಿದರೆ ಈಗಲೇ ಹೇಳು ಎಂದೂ ಹೇಳಿದೆ. ಗಿರಿಜ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಬಳೆಯ ಸದ್ದು ನಿಂತುಹೋಗಿತ್ತು.

ಅವನು ಅಲಗನ್ನು ಆ ಕಡೆ ಈ ಕಡೆ ತಿರುಗಿಸಿದ. ಅವಸರ ಮಾಡಲಿಲ್ಲ.

"ರಶ್ ಇದೆ" ಎಂದ. ಆಮೇಲೆ, "ಇಷ್ಟು ಜನ ನಿಂತಿದ್ದಾರೆ ಅಂದ್ರೆ ನಂಗೂ ಒಂದು ಕಾಲಿಡೋಕೆ ಜಾಗ ಆಗುತ್ತೆ ಬಿಡಿ ಅತ್ತೆ. ಯಾರನ್ನೂ ಇಳಿಸೋದು ಬೇಡ" ಎಂದ.

ಬಾಗಿಲ ಹಿಂದೆ ಬಳೆ ಸದ್ದಾಯಿತು. ಅವನು ನನ್ನನ್ನು ಅತ್ತೆ ಎಂದು ಕರೆದದ್ದು ಅಂದೇ ಮೊದಲು. ಲೆಕ್ಕದ ಪ್ರಕಾರ ನಾನು ಅವನಿಗೆ ಏನೂ ಆಗಬೇಕಾಗಿರಲಿಲ್ಲ.

ಉಳಿದವಳು ನಿಂಗಮ್ಮ. ಅವಳು ಒಪ್ಪದೆ ಚಂದ್ರು ಬಾಸಿಂಗ ಕಟ್ಟಿಕೊಳ್ಳುವವನಲ್ಲ. ಸಾಕಿದವಳನ್ನು ಬಿಟ್ಟು ಮದುವೆಯಾಗು ಎಂದು ಗಿರಿಜಳೂ ಹೇಳುವವಳಲ್ಲ. ಕಠಾರಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ನಾನೇ ಕುಂಸಿಯ ಬಸ್ಸು ಹತ್ತಿದೆ.

ನಿಂಗಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದಳು. ಜಗಲಿಯ ಮೇಲೆ ಅವಳ ಗಂಡ ಬೀಡಿ ಸೇದುತ್ತಾ ಮಲಗಿದ್ದ. ಕಠಾರಿ ಬಿಚ್ಚಿ ಅವಳ ಮುಂದಿಟ್ಟೆ. ಅವಳು ನೋಡಿ, ಇದೇನು ಉಜ್ಜಿಯೇ ಇಲ್ಲವಲ್ಲ ಎಂದಳು. ತುಕ್ಕು ತೆಗೆದಿದ್ದೇನೆ, ಕಪ್ಪು ತೆಗೆದಿಲ್ಲ, ತೆಗೆಯುವುದೂ ಇಲ್ಲ ಎಂದೆ. ಹಾಗಾದರೆ ರಾತ್ರಿಯೇ ಆಗಲಿ ಎಂದು ಮೆಣಸಿನಕಾಯಿಯ ಕಡೆ ತಿರುಗಿದಳು.

ನನಗೆ ಒಂದು ಸಂಗತಿ ಗೊತ್ತಿತ್ತು. ಹಿಂದೆ ಚಂದ್ರು ಹೇಳಿದ್ದು, ಬಸ್ಸಿನಲ್ಲಿ ಕುಳಿತಾಗ ನೆನಪಾಗಿತ್ತು. ನಿಂಗಮ್ಮ ತನ್ನ ಗಂಡನಿಗೆ ಎರಡನೆಯವಳು. ಮೊದಲನೆಯವಳು ಬಾಣಂತನದಲ್ಲಿ ಹೋಗಿದ್ದಳು.

"ನಿನ್ನ ಮದುವೆಗೆ ಇವರು ಯಾವ ಕಟಾರಿ ಹಿಡಿದಿದ್ರು ನಿಂಗಮ್ಮ?"

"ಮನೇದು."

"ಮೊದಲನೇ ಮದುವೆಗೆ?"

ಜಗಲಿಯಿಂದ ಗಂಡ ಹೇಳಿದ: "ಅದೇ ಕಟಾರಿ. ಬಾಸಿಂಗದ ದಾರ ಮಾತ್ರ ಹೊಸದು."

"ನಿಮ್ಮನ್ನ ಯಾರು ಕೇಳಿದ್ರು?" ಎಂದಳು ನಿಂಗಮ್ಮ.

ಆಗ ಅದನ್ನು ಯಾರಾದರೂ ಉಜ್ಜಿದರೇ, ಸತ್ತವಳ ಕಾಲದ ಕಲೆ ಬೇಡ ಎಂದು ನಿನ್ನ ಕಡೆಯವರು ಯಾರಾದರೂ ಹುಣಸೆಹಣ್ಣು ತಂದರೇ ಎಂದು ಕೇಳಿದೆ. ಗಂಡಸಿಗಾದರೆ ಕಬ್ಬಿಣ ಕಬ್ಬಿಣವೇ, ಹೆಂಗಸಿಗಾದರೆ ಅದು ಮೈಲಿಗೆಯೇ ಎಂದೂ ಕೇಳಿದೆ. ಬೈಯಲಿಲ್ಲ. ಬೈಯಲು ನನಗೆ ಬರುತ್ತದೆ, ಅವತ್ತು ಬೇಕೆನಿಸಲಿಲ್ಲ.

ನಿಂಗಮ್ಮ ಬಹಳ ಹೊತ್ತು ಮೆಣಸಿನಕಾಯಿ ತಿರುವಿ ಹಾಕಿದಳು. ಒಣಗಿದ್ದನ್ನೂ ತಿರುವಿದಳು. ಆಮೇಲೆ ಕಠಾರಿ ಎತ್ತಿಕೊಂಡು ಗೆರೆಯನ್ನು ನೋಡಿದಳು. ಇದೇನಾ ಎಂದು ಕಣ್ಣಲ್ಲೇ ಕೇಳಿದಳು. ಹೌದೆಂದೆ. ಹಣ್ಣು ಒಡೆದದ್ದು, ಮಂಜ ಕುಣಿದದ್ದು ಹೇಳಿದೆ. ಅವಳಿಗೆ ನಗು ಬಂತು, ತಡೆದುಕೊಂಡಳು, ಆಗಲಿಲ್ಲ. ಎದ್ದು ಹಿತ್ತಲಿಗೆ ಹೋದಳು. ಮುನಿಸಿಕೊಂಡು ಹೋದಳೆಂದು ನಾನು ಕಠಾರಿ ಸುತ್ತತೊಡಗಿದೆ. ಹಿತ್ತಲಿನಿಂದ ಕೂಗಿದಳು.

"ಸಣ್ಣದು ಬೇಕಾ, ದಪ್ಪದು ಬೇಕಾ? ಮರದ ತುಂಬ ಇದೆ."

ಮದುವೆ ಭದ್ರಾವತಿಯಲ್ಲಿ, ಬೆಳಗ್ಗೆ, ಹೊಳೆಯ ದಂಡೆಯ ಸಣ್ಣ ಗುಡಿಯ ಮುಂದೆ ನಡೆಯಿತು. ಬಿಸಿಲು ಮುಖಕ್ಕೆ ಹೊಡೆಯುವಷ್ಟಿತ್ತು. ಬಟ್ಟೆ ಅಂಗಡಿಯ ಹುಡುಗಿಯರೆಲ್ಲ ಬಂದಿದ್ದರು, ತಾವು ಮಾರುವಂಥ ಸೀರೆಗಳನ್ನೇ ಉಟ್ಟುಕೊಂಡು. ಗಿರಿಜಳ ಮೈಮೇಲೆ ಕೆಂಪು ಸೀರೆ. ಕೆಲವು ಮುತ್ತೈದೆಯರು ಬರಲಿಲ್ಲ. ಬಂದವರಿಗೆ ಹೋಳಿಗೆ ಹೆಚ್ಚು ಸಿಕ್ಕಿತು. ನಿಂಗಮ್ಮ ತಾನೇ ಮುಂದೆ ನಿಂತು ಆರತಿ ಬೆಳಗಿದಳು. ಎಕ್ಕದ ಗಿಡದ ಮಾತು ಯಾರೂ ಎತ್ತಲಿಲ್ಲ.

ಬಾಸಿಂಗ ಬಿಚ್ಚಿದ ಮೇಲೆ ಕಠಾರಿಯನ್ನು ನನ್ನ ಕೈಗೆ ಕೊಟ್ಟರು. ನಿಂಬೆಹಣ್ಣು ತೆಗೆದೆ. ಹೊಸ ಕಲೆಯೇ ಇಲ್ಲ. ತುಕ್ಕು ತೆಗೆದ ಉತ್ಸಾಹದಲ್ಲಿ ನಾನು ಅಲಗಿಗೆಲ್ಲ ಅಷ್ಟೊಂದು ಎಣ್ಣೆ ಸವರಿದ್ದೆ, ಹುಳಿ ಕಬ್ಬಿಣಕ್ಕೆ ತಾಗಿಯೇ ಇರಲಿಲ್ಲ. ಅಷ್ಟೆಲ್ಲ ಜಗಳವಾಡಿ, ಊರೂರು ತಿರುಗಿ, ಕೊನೆಗೆ ಹುಡುಗನಿಗೆ ಕಾಲಿಡಲು ಜಾಗವನ್ನೇ ಕೊಡಲಿಲ್ಲವಲ್ಲ ಎಂದು ನನಗೆ ಮುಖ ಸಣ್ಣದಾಯಿತು. ನಿಂಗಮ್ಮ ನೋಡಿದರೆ ಏನೆನ್ನುತ್ತಾಳೋ ಎಂದು ಬೇಗ ಒರೆಗೆ ಹಾಕಿಟ್ಟೆ.

ಕೆಲವು ದಿನದ ಮೇಲೆ ಎಣ್ಣೆ ಸವರಲು ತೆಗೆದಾಗ ಕಂಡಿತು. ತುದಿಯಲ್ಲಲ್ಲ, ಬುಡದಲ್ಲಿ. ನಾನು ಕೆಂಪು ತೆಗೆದು ಬೆಳ್ಳಗೆ ಮಾಡಿದ್ದ ಜಾಗದಲ್ಲಿ ನಾಲ್ಕು ಬೆರಳಿನ ಗುರುತು. ಚಂದ್ರು ಕಂಡಕ್ಟರ್ ಅಲ್ಲವೇ, ಬಸ್ಸಿನ ಕಂಬಿ ಹಿಡಿದು ರೂಢಿಯಾದ ಕೈ. ಮದುವೆಯುದ್ದಕ್ಕೂ ಹಿಡಿಯನ್ನಷ್ಟೇ ಹಿಡಿಯದೆ ಅಲಗಿನ ಬುಡದ ತನಕ ಬಿಗಿಯಾಗಿ ಹಿಡಿದಿದ್ದ, ಎಲ್ಲಿ ಬ್ರೇಕ್ ಹಾಕುತ್ತಾರೋ ಎನ್ನುವ ಹಾಗೆ. ಬೆವರು ಎಣ್ಣೆಯನ್ನು ಸರಿಸಿ ಕಬ್ಬಿಣಕ್ಕೆ ಇಳಿದಿತ್ತು. ಗುರುತು ಇನ್ನೂ ಕೆಂಪಗಿತ್ತು. ನನ್ನ ಕೈ ನಾರಿನ ಕಡೆ ಹೋಯಿತು. ಎಳೆದುಕೊಂಡೆ. ದಿನಾ ಒಂದು ತೊಟ್ಟು ಎಣ್ಣೆ ಬಿಟ್ಟು ಬಟ್ಟೆಯಲ್ಲಿ ಒತ್ತಿದೆ, ಉಜ್ಜಲಿಲ್ಲ. ಕೆಂಪು ನಿಧಾನಕ್ಕೆ ಕಂದಾಗಿ, ಆಮೇಲೆ ಕಪ್ಪಾಯಿತು. ಈಗ ಗಟ್ಟಿಯಾಗಿ ಕೂತಿದೆ.

ಆಮೇಲೆ ಅವರು ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆ ಮಾಡಿದರು. ನನ್ನನ್ನೂ, ಟ್ರಂಕನ್ನೂ ಒಂದೇ ಆಟೋದಲ್ಲಿ ಹಾಕಿಕೊಂಡು ಬಂದರು. ನೀವು ಇವರಿಗೆ ಏನಾಗಬೇಕು ಎಂದು ಇಲ್ಲಿನವರು ಕೇಳುತ್ತಾರೆ. ಹೇಳಲು ಹೋದರೆ ಅವರ ಅನ್ನ ಸೀಯುತ್ತದೆ. ಅಜ್ಜಿ ಎನ್ನುತ್ತೇನೆ, ಅಷ್ಟು ಸಾಕಾಗುತ್ತದೆ. ನಿಂಗಮ್ಮ ತನ್ನ ಮಗನ ಮದುವೆಗೆ ಗಂಡನ ಮನೆಯ ಕಠಾರಿ ಇದ್ದರೂ ನಮ್ಮದನ್ನೇ ಒಯ್ದಳು. ವಾಪಸ್ಸು ಕೊಡುವಾಗ, ಹಾಗೇ ತಂದಿದ್ದೀನಿ, ಒರೆಸಿಯೂ ಇಲ್ಲ, ನೋಡಿಕೊಳ್ಳಿ ಎಂದಳು.

ಇಷ್ಟನ್ನು ಇವತ್ತು ಬೆಳಗ್ಗೆ ಕಾವ್ಯಳಿಗೆ ಹೇಳಿದೆ. ಚಿತ್ರಾನ್ನ ಆರಿಹೋಯಿತು. ತೋರಿಸು ಎಂದು ಹಟ ಹಿಡಿದಳು. ಟ್ರಂಕು ತೆಗೆದು ಕಠಾರಿಯನ್ನು ಅವಳ ಮುಂದಿಟ್ಟೆ. ಅವಳು ಅಮ್ಮನನ್ನು ಒಮ್ಮೆ ನೋಡಿ, ಮೊದಲು ಆ ಉದ್ದ ಗೆರೆಯನ್ನು ಹುಡುಕಿದಳು, ಇದು ಮಂಜಪ್ಪನದಾ ಎಂದಳು. ಅವಳು ಅವನನ್ನು ಹಾಗೇ ಕರೆಯುತ್ತಾಳೆ, ನಾವು ಯಾರೂ ಹೇಳಿಕೊಟ್ಟಿದ್ದಲ್ಲ. ಗಿರಿಜ ಹೂಂ ಎಂದಳು. ಆಮೇಲೆ ಹುಡುಗಿ ಬುಡದಲ್ಲಿದ್ದ ನಾಲ್ಕು ಗುರುತಿನ ಮೇಲೆ ತನ್ನ ನಾಲ್ಕು ಬೆರಳಿಟ್ಟು ಒತ್ತಿ ಹಿಡಿದಳು. ಗುರುತಿನೊಳಗೆ ಬೆರಳು ಇನ್ನೂ ಸಡಿಲವಾಗಿತ್ತು.

ನಿಂಬೆಹಣ್ಣು ಹಿಂಡಿದ ಕೈ. ತೊಳೆದೇ ಇರಲಿಲ್ಲ.

ಒರೆಸುವ ಬಟ್ಟೆ ನನ್ನ ಮಡಿಲಲ್ಲೇ ಇತ್ತು. ಅವಳು ಕೈ ತೆಗೆದಾಗ ಅಲಗಿನ ಮೇಲೆ ನಾಲ್ಕು ಸಣ್ಣ ತೇವದ ಗುರುತುಗಳು ಹೊಳೆಯುತ್ತಿದ್ದವು. ನಾಳೆ ಒರೆಸಿದರಾಯಿತು ಎಂದು ಒರೆಗೆ ಹಾಕಿ, ಟ್ರಂಕು ಮುಚ್ಚಿ, ಚಿತ್ರಾನ್ನ ಬಡಿಸು ಎಂದೆ.